ಹಾಲುಕ್ಕಿದ ಗಾಡಿ

ಎಲ್ಲಕ್ಕೂ ಮೂಲ ಗುರುಶಾಂತಮ್ಮನ ಹಟ. ಪರರ ಒಲೆಯ ಮೇಲೆ ಬೆಂದದ್ದನ್ನು ಆಕೆ ತಿನ್ನುವುದಿಲ್ಲ, ಪರರ ಸೂರಿನಡಿ ಮಲಗುವುದೂ ಇಲ್ಲ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಒಂದು ರಾತ್ರಿ ಆದೋನಿ ಬಿಟ್ಟು ಹೊರಗಿದ್ದವಳಲ್ಲ. ಗಂಡ ಸೋಮಶೇಖರಪ್ಪನಿಗೋ ಬಾಳಿನಲ್ಲಿ ಉಳಿದಿದ್ದದ್ದು ಒಂದೇ ಆಸೆ: ಹೆಂಡತಿಗೆ ಸಮುದ್ರ ತೋರಿಸಬೇಕು. ಒಬ್ಬನೇ ಹೋಗಿ ನೋಡಿಬರಲು ಮನಸ್ಸು ಒಪ್ಪದೆ, ಪಾಪ, ಆತನೂ ಅದನ್ನು ಈವರೆಗೆ ಕಂಡಿರಲಿಲ್ಲ.

ಹೀಗಿರುವಾಗ ಮಾಧವರಂನ ಸುಂಕೇಶ ಹಳೆಯ ಡೀಸೆಲ್ ಕ್ಯಾರವಾನ್ ಒಂದನ್ನು ಮಾರುತ್ತಾನೆಂದು ಸುದ್ದಿ ಬಂತು. ಒಳಗೇ ಒಲೆ, ಒಳಗೇ ಮಂಚ, ಒಳಗೇ ಬಚ್ಚಲು. ಸೋಮಶೇಖರಪ್ಪ ಹೆಂಡತಿಯ ಮುಂದೆ ಫೋಟೋ ಹಿಡಿದ. ಆಕೆ ಮೂರು ದಿನ ಯೋಚಿಸಿ ತೀರ್ಪು ಕೊಟ್ಟಳು.

"ಆ ಒಲಿ ಮ್ಯಾಲ ನನ್ನ ಕೈಯಾರೆ ಹಾಲು ಕಾಸ್ತೀನಿ. ಉಕ್ಕಿದ್ರ ಅದು ನನ್ನ ಮನಿ, ನೀವು ಕರೆದಲ್ಲಿ ಬರ್ತೀನಿ. ಉಕ್ಕಲಿಲ್ಲಾಂದ್ರ ಮತ್ತ ಸಮುದ್ರದ ಸುದ್ದಿ ಎತ್ತಬಾರದು."

ಇಂಜಿನ್ ನೋಡಲು ಮೆಕ್ಯಾನಿಕ್ ದಸ್ತಗಿರಿ ಬರುವನೆಂದು ಮಾತಾಗಿತ್ತು. ಬುಧವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಆತನ ಫೋನ್ ಬಂತು. ದಾರಿಯಲ್ಲಿ ಯಾರದೋ ಲಾರಿ ಕೆಟ್ಟು ನಿಂತಿತ್ತಂತೆ.

"ಸಾವ್ಕಾರ್ರ, ನಾನು ಮಧ್ಯಾಹ್ನ ಅಲ್ಲಿಗೇ ಬರ್ತೀನಿ. ಅಷ್ಟರಾಗ ನೀವು ಮೂರು ನೋಡಿಡ್ರಿ. ಸ್ಟಾರ್ಟ್ ಮಾಡೋಕ ಮುಂಚೆ ಇಂಜಿನ್ ಮುಟ್ರಿ, ತಣ್ಣಗಿರಬೇಕು. ಬೆಚ್ಚಗಿದ್ರ ಮೊದ್ಲೇ ಕಾಯಿಸಿ ಇಟ್ಟಾನ ಅಂತ ತಿಳ್ಕೊರಿ. ಎರಡನೇದು ಹೊಗಿ. ಮೂರನೇದು ಭಾಳ ಮುಖ್ಯ. ಇಂಜಿನ್ ಆಯಿಲ್ ಮುಚ್ಚಳ ಬಿಚ್ಚಿ ಒಳಗ ಇಣುಕ್ರಿ. ಹಾಲಿನ ಕೆನಿ ತರ ಬೆಳ್ಳಗ ಕಂಡ್ತೋ, ಆಯಿಲ್‌ನಾಗ ನೀರು ಸೇರೈತಿ, ಇಂಜಿನ್ ಕತಿ ಮುಗೀತು. ಒಂದು ಮಾತೂ ಆಡಬ್ಯಾಡ್ರಿ, ಚಪ್ಲಿ ಮೆಟ್ಕೊಂಡು ಬಂದ್ಬಿಡ್ರಿ."

"ಅಷ್ಟೇನಾ? ಹತ್ತಿ ದಲ್ಲಾಳಿಗೆ ಇದೇನು ಹೇಳ್ತೀಯೋ! ಒಂದು ಚಿಟಿಕಿ ಹತ್ತಿ ಹಿಡಿದ್ರ ಯಾವ ಚೀಲಕ್ಕ ನೀರು ಚಿಮುಕಿಸ್ಯಾರ ಅಂತ ಹೇಳ್ತೀನಿ ನಾನು," ಎಂದ ಸೋಮಶೇಖರಪ್ಪ. ಆದರೂ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡ.

ಪಕ್ಕದ ಮನೆಯ ಗಾದಿಲಿಂಗಪ್ಪ ಕರೆಯದೇ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದ. ಬೀದಿಯಲ್ಲಿ ಯಾರು ಬಾಗಿಲು ಇಟ್ಟರೂ, ಕಿಟಕಿ ಒಡೆದರೂ ಅದರ ವಾಸ್ತು ಹೇಳುವ ಹೊಣೆ ಆತನದು. ಕೇಳಿದವರು ಯಾರೂ ಇಲ್ಲ, ಅದು ಬೇರೆ ಮಾತು.

ಮಾಧವರಂನಲ್ಲಿ ಸುಂಕೇಶ ಕೈಮುಗಿದು ನಿಂತಿದ್ದ. "ಬಂಗಾರದಂಥ ಬಂಡಿ ಸಾವ್ಕಾರ್ರೆ! ಹನ್ನೆರಡಕ್ಕ ರಾಯಚೂರಿನ ಪಾರ್ಟಿ ಬರ್ತಾರ. ಮೊದ್ಲು ಬಂದವ್ರು ನೀವು, ಅದಕ್ಕ ಹೇಳ್ದೆ."

ಚಾಲಕನ ಸೀಟಿನ ಪಕ್ಕದಲ್ಲಿ, ಗಾಡಿಯ ಒಳಗೇ, ಒಂದು ಗೂಡಿನಂಥ ಮುಚ್ಚಳದಡಿ ಇಂಜಿನ್ ಇತ್ತು. ಸೋಮಶೇಖರಪ್ಪ ಮುಟ್ಟಿ ನೋಡಿದ. ಮಡಕೆಯ ನೀರಿನಷ್ಟು ತಣ್ಣಗಿತ್ತು. ಒಂದೇ ಏಟಿಗೆ ಸ್ಟಾರ್ಟ್ ಆಯಿತು, ಹೊಗೆಯೂ ತೆಳ್ಳಗೆ ಬಂತು. ಆತ ಚೀಟಿಯಲ್ಲಿ ಎರಡು ಗೀಟು ಎಳೆದು ಮೀಸೆ ತಿರುವಿದ.

"ನಿಲ್ಸೋ ನಿಲ್ಸು!" ಗಾದಿಲಿಂಗಪ್ಪ ಹೊರಗಿನಿಂದ ಕೂಗಿದ. "ಒಲಿ ವಾಯುವ್ಯದಾಗ ಐತಿ. ಆಗ್ನೇಯಕ್ಕ ಬರಬೇಕು!"

"ಇದು ಗಾಡಿ ಗಾದಿಲಿಂಗಣ್ಣ, ತಿರುಗಿದಾಗೆಲ್ಲ ದಿಕ್ಕು ಬದಲಾಗ್ತೈತಿ," ಎಂದ ಸೋಮಶೇಖರಪ್ಪ.

"ಹಾಲು ಉಕ್ಕೋ ಹೊತ್ತಿಗಾದ್ರೂ ಸರಿಯಿರಬೇಕಲ್ಲಪ್ಪ!"

ಗುರುಶಾಂತಮ್ಮ ಹಾಲಿನ ಪಾತ್ರೆ ಹಿಡಿದು ಹೌದೆಂಬಂತೆ ತಲೆಯಾಡಿಸಿದಳು. ಇನ್ನೇನು ಮಾಡುವುದು? ಫೋನಿನಲ್ಲಿ ದಿಕ್ಕು ನೋಡುತ್ತಾ ಗಾದಿಲಿಂಗಪ್ಪ ಕೈಬೀಸಿದ, ಸುಂಕೇಶ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದ. ಒಂದು ಬೇವಿನ ಕೊಂಬೆ ಮುರಿಯಿತು, ಎರಡು ಕೋಳಿ ಪ್ರಾಣ ಉಳಿಸಿಕೊಂಡು ಓಡಿದವು. ಕಡೆಗೂ ಆಗ್ನೇಯ ಸಿಕ್ಕಿ ಇಂಜಿನ್ ನಿಂತಾಗ ಹನ್ನೊಂದೂ ಮುಕ್ಕಾಲು.

ಚಾಲಕನ ಸೀಟಿನ ಬೆನ್ನಿಗೇ ಒಲೆ. ಅಲ್ಲಿ ಗುರುಶಾಂತಮ್ಮ ಹಾಲಿಟ್ಟಳು. ಇಲ್ಲಿ ಸೋಮಶೇಖರಪ್ಪ ಗೂಡು ಎತ್ತಿ, ಟವೆಲ್ಲಿನಿಂದ ಹಿಡಿದು ಆಯಿಲ್ ಮುಚ್ಚಳ ಬಿಚ್ಚಿದ. ಇನ್ನೇನು ಬಗ್ಗಿ ಇಣುಕಬೇಕು, ಮತ್ತೆ ಗಾದಿಲಿಂಗಪ್ಪನ ಗಂಟಲು ಕೇಳಿತು.

"ಸೋಮಣ್ಣಾ! ಹನ್ನೆರಡಕ್ಕ ರಾಹುಕಾಲ! ತೆಂಗಿನಕಾಯಿ ಒಡಿಯೋಕ ಬಾ!"

ಮುಚ್ಚಳ ಅಲ್ಲೇ ಬಿಟ್ಟು ಆತ ಕೆಳಗೆ ಓಡಿದ. ಕಾಯಿ ಒಡೆಯುತ್ತಿದ್ದಂತೆ ಒಳಗಿನಿಂದ ಗುರುಶಾಂತಮ್ಮನ ದನಿ ಬಂತು: "ಉಕ್ತು! ಉಕ್ತು ನೋಡ್ರಿ!"

ಸೋಮಶೇಖರಪ್ಪನ ಕಣ್ಣು ತುಂಬಿ ಬಂತು. ಎರಡೇ ನೆಗೆತಕ್ಕೆ ಗಾಡಿ ಹತ್ತಿದ. ಹೆಂಡತಿ ಆತನಿಗೆ ಬೆನ್ನು ಮಾಡಿ, ಪಾತ್ರೆಗೆ ತಟ್ಟೆ ಮುಚ್ಚಿ, ಬಟ್ಟೆಯಿಂದ ಒಲೆ ಒರೆಸುತ್ತಿದ್ದಳು. ಆತ ಇಂಜಿನ್ ಕಡೆ ನೋಡಿದ. ಮುಚ್ಚಳ ಬಿಚ್ಚಿದ ಬಾಯಿಯ ಸುತ್ತ ಬೆಳ್ಳಗೆ, ದಪ್ಪಗೆ, ಹಾಲಿನ ಕೆನೆ!

ಅಯ್ಯೋ ಶಿವನೇ, ಉಕ್ಕಿದ ಹಾಲು ನೇರ ಇಂಜಿನ್ನಿಗೇ ಬಿತ್ತಲ್ಲ! ಒಲೆಗೂ ಇಂಜಿನ್ನಿಗೂ ನಡುವೆ ಇದ್ದದ್ದೇ ಒಂದು ಗೇಣು. ಹೇಳಿದರೆ ಆಕೆ ಅಪಶಕುನ ಎನ್ನುತ್ತಾಳೆ, ಸಮುದ್ರ ಈ ಜನ್ಮಕ್ಕಿಲ್ಲ. ಸುಂಕೇಶನಿಗೆ ಗೊತ್ತಾದರೆ ಕೊರಳಪಟ್ಟಿ ಹಿಡಿಯುತ್ತಾನೆ. ಸೋಮಶೇಖರಪ್ಪ ಟವೆಲ್ಲಿನಿಂದ ಬರಬರನೆ ಒರೆಸಿ, ಮುಚ್ಚಳ ಬಿಗಿದು, ಗೂಡು ಹಾಕಿ ಇಳಿದ.

"ಹೆಂಗೈತಿ ಸಾವ್ಕಾರ್ರೆ, ಇಂಜಿನ್?" ಎಂದ ಸುಂಕೇಶ.

"ಬಂಗಾರ," ಎಂದ ಸೋಮಶೇಖರಪ್ಪ, ಟವೆಲ್ಲನ್ನು ಬೆನ್ನ ಹಿಂದೆ ಅಡಗಿಸಿ. ಚೌಕಾಸಿಗೆ ಹೆಸರಾದ ದಲ್ಲಾಳಿ ಆ ದಿನ ಒಂದು ಮಾತೂ ಜಗ್ಗಾಡಲಿಲ್ಲ. ಪರರ ಇಂಜಿನ್ನಿಗೆ ಹಾಲು ಸುರಿದು ಮೇಲೆ ಚೌಕಾಸಿ ಬೇರೆ ಮಾಡುವುದೇ? ಕೇಳಿದಷ್ಟೂ ಕೊಟ್ಟ. ರಾಹುಕಾಲಕ್ಕೆ ಎರಡು ನಿಮಿಷ ಇರುವಾಗ ಕಾಗದಕ್ಕೆ ಸಹಿ ಬಿತ್ತು. ಸುಂಕೇಶ ಬೀಗದ ಕೈ ಕೊಟ್ಟವನೇ ಬೈಕ್ ಹತ್ತಿ, ತುಂಗಭದ್ರೆಯ ಸೇತುವೆ ದಾಟಿ ಕರ್ನಾಟಕ ಸೇರಿಕೊಂಡ. ರಾಯಚೂರಿನ ಪಾರ್ಟಿ ಬರಲೇ ಇಲ್ಲ.

ದಸ್ತಗಿರಿ ಬಂದದ್ದು ಒಂದು ಗಂಟೆಗೆ. ಬಂದವನೇ ಆಯಿಲ್ ಮುಚ್ಚಳ ಬಿಚ್ಚಿದ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ಮುಖ ಹುಳ್ಳಗಾಯಿತು. "ಸಾವ್ಕಾರ್ರ, ಒಳಗೆಲ್ಲ ಹಾಲು!"

ಸೋಮಶೇಖರಪ್ಪ ನಗುತ್ತಾ ಆತನ ಹೆಗಲ ಮೇಲೆ ಕೈ ಹಾಕಿ ಪಿಸುಗುಟ್ಟಿದ. "ಮೆಲ್ಲಗೆ ಮಾತಾಡೋ. ಅದು ನೀನು ಹೇಳಿದ ಹಾಲಲ್ಲ, ನಮ್ಮನಿ ಹಾಲು. ನಿಮ್ಮ ಅಕ್ಕ ಉಕ್ಕಿಸಿದ್ಲು, ಇದರ ಬಾಯಿ ತೆರೆದಿತ್ತು, ಬಿತ್ತು. ಆಯಿಲ್ ಬದಲಾಯಿಸಿದ್ರ ಮುಗೀತು. ಆಕಿಗೆ ಮಾತ್ರ ಹೇಳಬ್ಯಾಡ."

ದಸ್ತಗಿರಿ ತಲೆ ಕೆರೆದುಕೊಂಡ. ಅಷ್ಟರಲ್ಲಿ ಗುರುಶಾಂತಮ್ಮ ಪಾತ್ರೆ, ಲೋಟಗಳನ್ನು ಹಿಡಿದು ಬಂದಳು.

"ಬಿಸಿಲಾಗ ಬಂದೀ ತಮ್ಮ, ಹಾಲು ಕುಡಿ. ಬಿಸಿ ಇಲ್ಲ ಮತ್ತ." ಆಮೇಲೆ ಗಂಡನ ಕಡೆ ತಿರುಗಿ ತಲೆ ತಗ್ಗಿಸಿದಳು. "ಏನ್ರೀ, ಹೊಟ್ಟ್ಯಾಗ ಇಟ್ಕೊಳ್ಳೋಕ ಆಗವಲ್ದು. ನಿಮ್ಮ ಹತ್ರ ಸುಳ್ಳು ಹೇಳಿದೆ. ಸಿಲಿಂಡರ್‌ನಾಗ ಗ್ಯಾಸೇ ಇರಲಿಲ್ಲ, ಹಾಲು ಬೆಚ್ಚಗೂ ಆಗಲಿಲ್ಲ. ಸಣ್ಣ ಹುಡುಗರಂಗ ಹಿಗ್ಗಿಬಿಟ್ಟಿದ್ರಿ, ಉಕ್ಕಲಿಲ್ಲ ಅನ್ನೋಕ ಬಾಯಿ ಬರಲಿಲ್ಲ. ಸಮುದ್ರಕ್ಕ ಬರ್ತೀನಿ, ನಡೀರಿ."

ಆಕೆ ತಟ್ಟೆ ಸರಿಸಿದಳು. ಪಾತ್ರೆಯಲ್ಲಿ ಹಾಲು ಕಂಠದವರೆಗೆ ಹಾಗೇ ಇತ್ತು, ಒಂದು ತೊಟ್ಟೂ ಚೆಲ್ಲಿರಲಿಲ್ಲ.

ದಸ್ತಗಿರಿ ಪಾತ್ರೆ ನೋಡಿದ. ಇಂಜಿನ್ ನೋಡಿದ. ಟವೆಲ್ ಕೈಯಲ್ಲಿ ಹಿಡಿದು ನಿಂತ ಸೋಮಶೇಖರಪ್ಪನನ್ನು ನೋಡಿದ.

"ಸಾವ್ಕಾರ್ರ, ನಿಮ್ಮನಿ ಹಾಲು ಇಲ್ಲೇ ಐತಿ. ಹಂಗಾದ್ರ ಇಂಜಿನ್‌ನಾಗಿಂದು ಯಾವ ಎಮ್ಮೀದು?"