ಪಾಳಿ ಇಲ್ಲದ ಗಿರಣಿ

ಶಲವಡಿಯ ಹಿಟ್ಟಿನ ಇತಿಹಾಸವನ್ನು ಮುಂದೆ ಯಾರಾದರೂ ಬರೆದರೆ ಅದನ್ನು ಎರಡು ಭಾಗ ಮಾಡಬೇಕಾಗುತ್ತದೆ: ನಾನು ಬಿ.ಕಾಂ. ಪಾಸಾಗುವ ಮೊದಲು, ಪಾಸಾದ ಮೇಲೆ! ಹೀಗೆಂದು ನಾನು ಒಂದು ಕಾಲದಲ್ಲಿ ಮನಸಾರೆ ನಂಬಿದ್ದೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಮಾರಾಟಶಾಸ್ತ್ರವನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿ, ನಮ್ಮ ಮನೆತನದಲ್ಲಿ ಮೊಟ್ಟಮೊದಲು ಹೆಸರಿನ ಹಿಂದೆ ಪದವಿ ಅಂಟಿಸಿಕೊಂಡು ಊರಿಗೆ ಬಂದವನು ನಾನು. ಬ್ಯಾಂಕಿಗೆ ಅರ್ಜಿ ಹಾಕು ಎಂದು ಬುದ್ಧಿ ಹೇಳಿದವರಿಗೆಲ್ಲ, ನಾನು ಉದ್ಯಮಿಯಾಗುತ್ತೇನೆ ಎಂದೆ. ಆ ಶಬ್ದ ಕೇಳಿದ ಅವ್ವ ಗಾಬರಿಯಾಗಿ, ಅದಕ್ಕೆ ಔಷಧ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಳು.

ಹಿಟ್ಟಿನ ಗಿರಣಿ ಹಾಕುವುದೆಂದು ನಿಶ್ಚಯವಾಯಿತು. ಅಪ್ಪ ಜೋಡೆತ್ತು ಮಾರಿ ಮಷೀನು ಕೊಡಿಸಿದ. ಕೊಡಿಸುವಾಗ ಒಂದು ಕರಾರು ಹಾಕಿದ.

"ದೀಪಾವಳಿ ಒಳಗ ನಿನ್ನ ಗಿರಣಿ ಮುಂದ ಡಬ್ಬಿ ಪಾಳಿ ಹಚ್ಚಿದ್ದು ಕಾಣಬೇಕು. ಕಾಣಲಿಲ್ಲಂದ್ರ ಮಷೀನು ಮಾರಿ ಎತ್ತು ತರತೀನಿ. ಒಂದ ಎತ್ತು ತರತೀನಿ. ಇನ್ನೊಂದರ ಜಾಗಾಕ ನೀ ಇದ್ದೀಯಲ್ಲ."

ನಾನು ನಕ್ಕೆ. ಅಪ್ಪ ನಗಲಿಲ್ಲ.

ಗಿರಣಿ ಶುರುವಾಯಿತು. ಹೊಸ ಮೋಟಾರು, ಹೊಸ ಕಲ್ಲು, ಕಲ್ಲು ತಿರುಗಿಸಲು ಹುಬ್ಬಳ್ಳಿಯಿಂದ ತಂದ ಹೊಸ ಪಟ್ಟಾ! ಜೋಳ ಸುರಿದು ಮೂಗು ಒರೆಸಿಕೊಳ್ಳುವುದರೊಳಗೆ ಹಿಟ್ಟು ಕೆಳಗೆ ಬಂದಿರುತ್ತಿತ್ತು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಒಳಗೆ ನಾನು. ಬರಬೇಕಾದದ್ದು ಗಿರಾಕಿ ಮಾತ್ರ.

ಗಿರಾಕಿಗಳು ಎಲ್ಲಿದ್ದರೆಂದರೆ, ದಾರಿಯ ಆಚೆ! ಅಲ್ಲಿ ಬಾಬಾಸಾಬ ಕಾಕಾನ ಹಳೆಯ ಗಿರಣಿ. ಆ ಗಿರಣಿಯ ಪಟ್ಟಾ ಗಳಿಗೆಗೊಮ್ಮೆ ಜಾರುತ್ತಿತ್ತು, ಇಲ್ಲವೆ ಹರಿಯುತ್ತಿತ್ತು. ಹರಿದಾಗ ಕಾಕಾ ಅವಸರವಿಲ್ಲದೆ ಎಲೆ ಅಡಿಕೆ ಹಾಕಿಕೊಂಡು, ಅದನ್ನು ಹೊಲಿದು, ಏರಿಸಿ, ಇನ್ನೇನು ಮೋಟಾರು ಹಚ್ಚಬೇಕು ಎನ್ನುವಾಗ ನಮಾಜಿಗೆ ಹೋಗುತ್ತಿದ್ದ. ಅವನು ಬರುವ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಇಷ್ಟಾದರೂ ಬಾಗಿಲಿನಿಂದ ಬೇವಿನ ಮರದವರೆಗೆ ಡಬ್ಬಿಗಳ ಪಾಳಿ! ಮರದ ಕೆಳಗೆ ಊರಿನ ಅರ್ಧ ಹೆಂಗಸರು. ಯಾರೂ ಬೈಯುತ್ತಿರಲಿಲ್ಲ. ನಗುತ್ತಿದ್ದರು! ಆ ನಗು ದಾರಿ ದಾಟಿ ಬಂದು ನನ್ನ ಹೊಟ್ಟೆಯಲ್ಲಿ ಬೀಳುತ್ತಿತ್ತು. ಹೊಟ್ಟೆಯ ಉರಿಯಿಂದ ಮೋಟಾರು ಓಡುವಂತಿದ್ದರೆ ಆ ವರ್ಷ ನಾನು ಕರೆಂಟಿನವರಿಗೇ ಕರೆಂಟು ಮಾರುತ್ತಿದ್ದೆ.

ಕಾಕಾನ ಗಿರಣಿಯಲ್ಲಿ ಏನೋ ಗುಟ್ಟಿದೆ ಎಂದು ನನಗೆ ಖಾತ್ರಿಯಾಯಿತು. ಕಲ್ಲಿನ ಗುಣವೋ? ಕಾಕಾನ ಹೆಂಡತಿ ಖಾತುನಬಿ ಹೊರಗಿಡುವ ನೀರಿನ ಕೊಡದಲ್ಲಿ ಸಕ್ಕರೆ ಹಾಕುತ್ತಾಳೋ? ಒಂದು ದಿನ ನೀರಡಿಕೆಯ ನೆವ ಮಾಡಿ ಹೋಗಿ ಕುಡಿದು ಬಂದೆ. ಬರೀ ನೀರು. ನನ್ನನ್ನು ಕಂಡೊಡನೆ ಹೆಂಗಸರ ಮಾತು ನಿಂತಿತು, ಬೆನ್ನು ತಿರುಗಿಸಿದೊಡನೆ ಮತ್ತೆ ಶುರುವಾಯಿತು. ಕಾಕಾನನ್ನೇ ಕೇಳಿಬಿಟ್ಟೆ.

"ನನಗೂ ತಿಳೀವಲ್ದು, ಈರಬಸಪ್ಪ," ಎಂದ ಅವನು. "ಹೊಸ ಪಟ್ಟಾ ತರಬೇಕಂತೀನಿ. ಈ ಹೆಣ್ಮಕ್ಕಳ ಬ್ಯಾಡ ಅಂತಾರ."

ಸುಳ್ಳುಗಾರ ಎಂದುಕೊಂಡು ಬಂದೆ.

ಶಾಸ್ತ್ರಕ್ಕೆ ಶರಣಾದೆ. ಗಿರಾಕಿಯ ವೇಳೆ ಉಳಿಸಿದವನೇ ಗೆದ್ದವನು ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದರು. ಕಾಕಾನ ದೌರ್ಬಲ್ಯವೇ ನನ್ನ ಆಯುಧ! ಗಿರಣಿಯ ಮೇಲೆ ದೊಡ್ಡ ಬೋರ್ಡು ಬರೆಸಿದೆ: "ಬಂದಿರಿ, ಬೀಸಿದೆವು, ಹೋದಿರಿ!" ಡಂಗುರದ ಹುಲಿಗೆಪ್ಪನಿಗೆ ಚಹಾ ಕುಡಿಸಿ, ನಮ್ಮಲ್ಲಿ ಯಾರೂ ಕಾಯಬೇಕಾಗಿಲ್ಲ ಎಂದು ಊರೆಲ್ಲ ಸಾರಲು ಹೇಳಿದೆ. ಅವನು ತನಗೆ ತಿಳಿದಂತೆ ಸಾರಿದ.

"ಕೇಳ್ರಪೋ ಕೇಳ್ರಿ! ಈರಬಸಪ್ಪನ ಗಿರಣ್ಯಾಗ ಯಾರೂ ಕುಂದ್ರಂಗಿಲ್ಲ, ಯಾರೂ ನಿಂದ್ರಂಗಿಲ್ಲ!"

ಮಾರನೆಯ ದಿನ ಬಂದವಳು ಓಣಿಯ ಮಹಾದೇವಕ್ಕ ಒಬ್ಬಳೇ. ಸೊಸೆಯನ್ನೂ ಎಳೆದುಕೊಂಡು ಬಂದಿದ್ದಳು. ಹಿಟ್ಟು ಬೀಸಿ ಡಬ್ಬಿ ಕೈಗೆ ಕೊಟ್ಟಾಗ ಮಹಾದೇವಕ್ಕ ನನ್ನ ದೃಷ್ಟಿ ತೆಗೆದು ಬೆರಳು ಮುರಿದಳು. ಈ ಹುಡುಗಿ ಮುಂಜಾನೆ ಹೋದರೆ ಹೊತ್ತು ನೆತ್ತಿಗೆ ಬಂದಾಗ ಬರುತ್ತಿತ್ತು, ನೀನು ಪುಣ್ಯ ಕಟ್ಟಿಕೊಂಡೆ ಎಂದಳು. ಹಿಂದೆ ನಿಂತ ಸೊಸೆ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ನಾನು ಕೃತಜ್ಞತೆ ಎಂದು ತಿಳಿದೆ.

ಮುಂದೆ ಕಾಣಿಕೆಯ ಯೋಜನೆ. ಖಾಲಿ ಎಣ್ಣೆ ಡಬ್ಬಿಗಳನ್ನು ತಂದು, ಮುಚ್ಚಳ, ಹಿಡಿಕೆ ಹಚ್ಚಿಸಿ, ನೀಲಿ ಬಣ್ಣ ಬಳಿದು, ಮೇಲೆ ಬಿಳಿಯ ಅಕ್ಷರದಲ್ಲಿ "ಈರಬಸಪ್ಪ ಬಿ.ಕಾಂ. ಇವರ ಗಿರಣಿ" ಎಂದು ಬರೆಸಿ ಮನೆಮನೆಗೆ ಹಂಚಿದೆ. ಹೆಂಗಸರು ಸಂತೋಷದಿಂದ ತೆಗೆದುಕೊಂಡರು. ಅಂದು ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಗಿರಣಿಯ ಬಾಗಿಲು ತೆಗೆದು ದಾರಿಯ ಆಚೆ ನೋಡುತ್ತೇನೆ: ಕಾಕಾನ ಬಾಗಿಲಿನಿಂದ ಬೇವಿನ ಮರದವರೆಗೆ ನೀಲಿ ಪಾಳಿ! ನನ್ನ ಹೆಸರು, ನನ್ನ ಪದವಿ, ನನ್ನದೇ ಡಬ್ಬಿಗಳು, ವೈರಿಯ ಬಾಗಿಲಲ್ಲಿ ಶಿಸ್ತಿನ ಸಿಪಾಯಿಗಳಂತೆ ನಿಂತಿದ್ದವು! ಕಾಕಾ ಹೊರಗೆ ಬಂದು, ಡಬ್ಬಿ ಛಲೋ ಮಾಡಿಸಿದ್ದೀ ಎಂದು ಕೈಯೆತ್ತಿ ಹೇಳಿದ. ಅವನ ಒಳ್ಳೆಯತನದಿಂದ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಮನೆಯಲ್ಲಿ ಹೆಂಡತಿ ಶಿವಗಂಗವ್ವನ ಮುಂದೆ ತೋಡಿಕೊಂಡೆ. ಆಕೆ ಗುಡಗೇರಿಯ ಹುಡುಗಿ, ನಮ್ಮ ಮನೆಗೆ ಬಂದು ವರ್ಷವಾಗಿತ್ತು. ಮಾತು ಕಡಿಮೆ. ನಮ್ಮ ಮನೆಯ ಹಿಟ್ಟನ್ನು ಮಾತ್ರ ನಾನೇ ಬೀಸಿ, ಆಕೆಗೆ ಹೊಸ್ತಿಲು ದಾಟುವ ತ್ರಾಸು ಕೊಡದೆ, ಅಡುಗೆಮನೆಗೇ ಮುಟ್ಟಿಸುತ್ತಿದ್ದೆ. ಇಷ್ಟು ಪ್ರೀತಿಯ ಗಂಡ ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಕ್ಕಿಲ್ಲ. ಆದರೂ ಆಕೆ ಆ ಡಬ್ಬಿ ತೆಗೆದುಕೊಳ್ಳುವಾಗ ಯಾಕೋ ತವರಿನ ಬಸ್ಸು ತಪ್ಪಿದವರ ಮುಖ ಮಾಡುತ್ತಿದ್ದಳು. ನನ್ನ ದುಃಖವನ್ನೆಲ್ಲ ಕೇಳಿ, "ಅಷ್ಟ ಜಲ್ದಿ ಯಾಕ ಬೀಸತೀರಿ?" ಎಂದಳು. ಮಾರಾಟಶಾಸ್ತ್ರ ಓದದವರ ಪ್ರಶ್ನೆ ಎಂದು ಬಿಟ್ಟುಬಿಟ್ಟೆ.

ಕೊನೆಯ ಅಸ್ತ್ರ ತೆಗೆದೆ. ಗಿರಾಕಿ ಗಿರಣಿಗೆ ಬಾರದಿದ್ದರೆ ಗಿರಣಿಯೇ ಗಿರಾಕಿಯ ಮನೆಗೆ! ನಾನೇ ಸೈಕಲ್ಲಿನಲ್ಲಿ ಹೋಗಿ ಜೋಳ ತರುವುದು, ಬೀಸಿ ಮನೆಗೇ ಮುಟ್ಟಿಸುವುದು. ಊರಿನ ಅತ್ತೆಯರು ಕುಣಿದಾಡಿದರು. ಸೈಕಲ್ಲಿನ ಹಿಂದೆ, ಮುಂದೆ, ಹ್ಯಾಂಡಲ್ಲಿಗೆ, ಎಲ್ಲೆಲ್ಲೂ ಡಬ್ಬಿ. ಕಾಕಾನ ಬೇವಿನ ಮರ ಬರಿದಾಯಿತು. ಆ ಖಾಲಿ ನೆರಳನ್ನು ನೋಡಿ ನೋಡಿ ನಾನು ಉಬ್ಬಿದೆ. ಸಾಕ್ಷಾತ್ ಚಕ್ರವರ್ತಿಯ ಹಾಗೆ ಗಂಟೆ ಬಾರಿಸುತ್ತ ಓಣಿ ಓಣಿ ಸುತ್ತಿದೆ.

ವಾರ ಕಳೆಯುವುದರೊಳಗೆ ಊರಿನ ರೊಟ್ಟಿಗಳೆಲ್ಲ ಹರಿಯತೊಡಗಿದವು!

ಯಾವ ಮನೆಗೆ ಹೋದರೂ ಅದೇ ದೂರು. ಈರಬಸಪ್ಪನ ಹಿಟ್ಟಿಗೆ ಜಿಗಿ ಇಲ್ಲ, ಬಡಿದರೆ ರೊಟ್ಟಿ ನಾಲ್ಕು ತುಂಡಾಗುತ್ತದೆ, ಹೆಂಚಿನ ಮೇಲೆ ಹಾಕಿದರೆ ಎಂಟಾಗುತ್ತದೆ. ಗಂಡಸರು ತುಂಡುಗಳನ್ನು ಸಾರಿನಲ್ಲಿ ಹುಡುಕಿ ಹುಡುಕಿ ಉಣ್ಣುತ್ತಿದ್ದರು. ಮಷೀನು ಜೋರಾಗಿ ಓಡಿ ಹಿಟ್ಟು ಸುಡುತ್ತದೆ ಎಂದು ಸೊಸೆಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ, ಬಹಳ ವಿನಯದಿಂದ ಅತ್ತೆಯರಿಗೆ ತಿಳಿಸಿದರಂತೆ. ನಾನು ಹುಬ್ಬಳ್ಳಿಯಿಂದ ಮಿಸ್ತ್ರಿಯನ್ನು ಕರೆಸಿ ಕಲ್ಲಿನ ಹಲ್ಲು ಹರಿತವಾಗಲೆಂದು ಮತ್ತೆ ಟಾಕಿ ಹೊಡೆಸಿದೆ. ರೊಟ್ಟಿ ಹರಿದವು. ಮೋಟಾರು ಬಿಚ್ಚಿಸಿದೆ. ರೊಟ್ಟಿ ಹರಿದವು. ಡಬ್ಬಿಗಳು ಮತ್ತೆ ಸಾಲಾಗಿ ದಾರಿ ದಾಟಿ ಹೋದವು. ಬೇವಿನ ಮರದ ಕೆಳಗೆ ನಗು ಮೊದಲಿಗಿಂತ ಜೋರಾಯಿತು.

ದೀಪಾವಳಿ ಹತ್ತಿರ ಬಂದಿತ್ತು. ಅಪ್ಪ ಅಣ್ಣಿಗೇರಿಯ ದನದ ಸಂತೆಗೆ ಹೋಗಿ ಎತ್ತು ನೋಡಿ ಬಂದ. ಒಂದೇ ಎತ್ತು.

ಇನ್ನು ಸುಮ್ಮನಿದ್ದರೆ ಕೆಟ್ಟೆನೆಂದು ಬಹಿರಂಗ ಪ್ರದರ್ಶನಕ್ಕೆ ಸಿದ್ಧನಾದೆ. ಊರಿನವರ ಎದುರಿಗೇ ಜೋಳ ಬೀಸುವುದು, ಅಲ್ಲೇ ಒಲೆ ಹೂಡಿ ಅಲ್ಲೇ ರೊಟ್ಟಿ ಬಡಿದು ತೋರಿಸುವುದು! ಬಡಿಯುವವಳು ಯಾರು? ನನ್ನ ಹೆಂಡತಿ! ಆಕೆಯ ರೊಟ್ಟಿ ನಮ್ಮ ಮನೆಯಲ್ಲಿ ಒಂದು ದಿನವೂ ಹರಿದಿರಲಿಲ್ಲ. ಆಕೆ ಬೇಡವೆಂದಳು. ನಾನು ಹಟ ಹಿಡಿದೆ. ಕೊನೆಗೆ, "ನೀವ ಹೇಳೀರಿ, ನಾ ಬಂದೀನಿ. ಆಮ್ಯಾಲ ನನ್ನ ಬೈಬ್ಯಾಡ್ರಿ," ಎಂದು ಸೆರಗು ಸಿಕ್ಕಿಸಿಕೊಂಡು ಬಂದಳು.

ನನ್ನ ಗಿರಣಿಯ ಮುಂದೆ ಅಷ್ಟು ಜನ ಸೇರಿದ್ದು ಅದೇ ಮೊದಲು. ಸೊಸೆಯರು ಒಲೆಯ ಸುತ್ತ ಕೋಟೆ ಕಟ್ಟಿದಂತೆ ಒತ್ತಾಗಿ ನಿಂತರು. ಅತ್ತೆಯರು ಹಿಂದೆ ಉಳಿದು ಇಣುಕಿದರು. ನಾನು ಹಿಟ್ಟಿನ ಗುಣಗಳ ಬಗ್ಗೆ ಒಂದು ಪುಟ್ಟ ಭಾಷಣ ಮಾಡಿದೆ. ಶಿವಗಂಗವ್ವ ತಂಬಿಗೆಯ ನೀರು ಹಾಕಿ ಕಲಸಿ, ಬಡಿಯತೊಡಗಿದಳು. ಪಟ ಪಟ ಸಪ್ಪಳಕ್ಕೆ ನನ್ನ ಎದೆಯೂ ತಾಳ ಹಾಕಿತು. ರೊಟ್ಟಿ ಅಗಲವಾಯಿತು. ಇನ್ನಷ್ಟು ಅಗಲವಾಯಿತು. ಎತ್ತಿದಳು.

ಹರಿಯಿತು!

ಇನ್ನೊಂದು ಬಡಿದಳು. ಅದೂ ಹರಿಯಿತು. ಸೊಸೆಯರ ಕೋಟೆಯಿಂದ ಅಯ್ಯೋ ಪಾಪ ಎಂಬ ಧ್ವನಿ ಬಂತು. ಅದರಲ್ಲಿ ಪಾಪಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ದಾರಿಯ ಆಚೆ ಕಾಕಾ ಮಾತ್ರ ನಿಜವಾಗಿಯೂ ಮರುಗಿ ನಿಂತಿದ್ದ. ಅಪ್ಪ ಮೆಲ್ಲಗೆ ನನ್ನ ಹತ್ತಿರ ಬಂದು, ನನ್ನ ಹೆಗಲನ್ನು ಎರಡು ಸಲ ಒತ್ತಿ ನೋಡಿ ಹೋದ.

ಸಂಜೆ ಊಟಕ್ಕೆ ಕುಳಿತೆ. ಅವ್ವ ನೆರೆಮನೆಯಲ್ಲಿ ನನ್ನ ಕಷ್ಟ ಹೇಳಿಕೊಳ್ಳಲು ಹೋಗಿದ್ದಳು. ತಾಟಿನಲ್ಲಿ ರೊಟ್ಟಿ ಬಂತು. ತೆಳ್ಳಗೆ, ದುಂಡಗೆ, ಹುಣ್ಣಿಮೆಯ ಚಂದ್ರನಂಥ ರೊಟ್ಟಿ! ಮಡಚಿದೆ, ಬಿಚ್ಚಿದೆ. ಸೀಳು ಸಹಿತ ಬೀಳಲಿಲ್ಲ.

"ಇದು ಎಲ್ಲಿ ಹಿಟ್ಟು?"

"ನಿಮ್ಮ ಗಿರಣೀದ. ಮುಂಜಾನೆ ಉಳದಿದ್ದು."

"ಮತ್ತ ಮುಂಜಾನೆ ಯಾಕ ಹರೀತು?"

"ಮುಂಜಾನೆ ತಣ್ಣೀರು," ಎಂದಳು. "ಈಗ ಕುದಿಯೂ ಎಸರು. ತಣ್ಣೀರಾಗ ಕಲಸಿದ್ರ ಯಾರ ಗಿರಣಿ ಹಿಟ್ಟರ ಎದ್ದೀತು?"

ಊರಿಗೆ ಊರೇ ತಣ್ಣೀರಿನಲ್ಲಿ ಕಲಸಿದ್ದು ಆಗ ಹೊಳೆಯಿತು. ನನ್ನ ಹೆಂಡತಿಯೂ ಆ ಪಕ್ಷದವಳೇ! ನಾನು ಎತ್ತಾಗಿ ಹೋಗುತ್ತೇನೆಂದು ಗೊತ್ತಿದ್ದೂ ಹೀಗೆ ಮಾಡಬಹುದೇ ಎಂದು ಕೂಗಾಡಿದೆ. ನಾನು ಏನು ಅನ್ಯಾಯ ಮಾಡಿದ್ದೆ, ಬೇಗ ಬೀಸಿಕೊಟ್ಟದ್ದೇ ಅಪರಾಧವೇ ಎಂದೆ. ಆಕೆ ಶಾಂತವಾಗಿ ಇನ್ನೊಂದು ರೊಟ್ಟಿ ಹಾಕಿದಳು.

"ಗಿರಣಿಗೆ ಹಿಟ್ಟಿಗಂತ ಯಾರ ಬರತಾರ್ರಿ? ಮನ್ಯಾಗ ಒಂದ ಗಳಿಗಿ ಕುಂತ್ರ, ಯಾಕ ಕುಂತಿ ಅಂತಾರ. ಗಿರಣಿ ಮುಂದ ಕುಂತ್ರ ಪಾಳಿ ಬಂದಿಲ್ಲ ಅಂತೀವಿ, ಯಾರೂ ಏನೂ ಅನ್ನಂಗಿಲ್ಲ. ಸೊಸ್ತೇರಿಗೆ ಇದ್ದದ್ದು ಅದೊಂದ ನೆರಳು. ನೀವು ಅದನ್ನೂ ಬೀಸಿ ಡಬ್ಬ್ಯಾಗ ಹಾಕಿ ಮನಿಗೆ ಮುಟ್ಟಿಸಿದ್ರಿ."

ಮಾರಾಟಶಾಸ್ತ್ರದ ಯಾವ ಅಧ್ಯಾಯದಲ್ಲೂ ಇದು ಇರಲಿಲ್ಲ. ನಾನು ಇಷ್ಟು ದಿನ ಹಿಟ್ಟು ಮಾರುತ್ತಿದ್ದೆ. ಕಾಕಾ ತನಗೇ ಗೊತ್ತಿಲ್ಲದೆ ಪುರುಸೊತ್ತು ಮಾರುತ್ತಿದ್ದ!

ಮರುದಿನ ಬೋರ್ಡು ಇಳಿಸಿದೆ. ಸೈಕಲ್ಲನ್ನು ಅಟ್ಟಕ್ಕೆ ಏರಿಸಿದೆ, ನಮ್ಮ ಮನೆಯ ಡಬ್ಬಿಯನ್ನೂ ಶಿವಗಂಗವ್ವನ ಕೈಗೇ ಬಿಟ್ಟೆ. ಗಿರಣಿಯ ಹಿಂದೆ, ಯಾವ ಅತ್ತೆಯ ಕಣ್ಣಿಗೂ ಬೀಳದ ಜಾಗದಲ್ಲಿ, ಚಪ್ಪರ ಹಾಕಿ ಕಟ್ಟೆ ಕಟ್ಟಿಸಿ ಎರಡು ಕೊಡ ನೀರಿಟ್ಟೆ. ಹುಬ್ಬಳ್ಳಿಯ ಹೊಸ ಪಟ್ಟಾಕ್ಕೆ ನಾನೇ ಕುಡಗೋಲು ಹಾಕಿದೆ. ನಾಲ್ಕು ಡಬ್ಬಿ ಸೇರಿದೊಡನೆ ಪಟ್ಟಾ ಜಾರಿಸುವುದನ್ನು ಕಾಲೇಜಿನ ಪರೀಕ್ಷೆಗಿಂತ ಹೆಚ್ಚು ನಿಷ್ಠೆಯಿಂದ ಕಲಿತೆ. ಡಂಗುರ ಸಾರಿಸುವ ಹಾಗಿರಲಿಲ್ಲ, ಸಾರಿದರೆ ಅತ್ತೆಯರಿಗೂ ಕೇಳಿಸುತ್ತದೆ. ಆದರೂ ಸುದ್ದಿ ಹೇಗೋ ಹಬ್ಬಿತು. ನೀಲಿ ಡಬ್ಬಿಗಳು ಒಂದೊಂದಾಗಿ ದಾರಿ ದಾಟಿ ಬಂದವು.

ಕಾಕಾ ತಾನೇ ಬಂದು, ಪಾಪ, ನಿನ್ನ ಪಟ್ಟಾ ದಿನಾ ಹರಿಯುತ್ತದಲ್ಲ ಎಂದು ತನ್ನ ದಬ್ಬಣ, ದಾರ ಕೊಟ್ಟು ಹೋದ. ಮಹಾದೇವಕ್ಕ ಬಂದು ಬೈದಳು: "ಎಷ್ಟ ಛಲೋ ಬೀಸತಿದ್ದಿ. ಈಗ ನಿಂದೂ ಬಾಬಾಸಾಬನ ಗಿರಣಿ ಆತು ನೋಡು." ಆ ಬೈಗುಳವನ್ನು ನಾನು ಪದವಿ ಪ್ರಮಾಣಪತ್ರದಂತೆ ಎರಡೂ ಕೈಯಿಂದ ಸ್ವೀಕರಿಸಿದೆ. ದೀಪಾವಳಿಯ ಮುನ್ನಾದಿನ ಅಪ್ಪ ಬಂದು ಪಾಳಿಯ ಈ ತುದಿಯಿಂದ ಆ ತುದಿಗೆ ನಡೆದು, ಎತ್ತಿನ ವ್ಯವಹಾರ ಸದ್ಯಕ್ಕೆ ಬೇಡವೆಂದ. ನನ್ನ ಹೆಗಲು ಹಗುರಾಯಿತು.

ಗೆದ್ದೆ! ಮೀಸೆಯ ಮೇಲೆ ಕೈಯಿಟ್ಟು ದಾರಿಯ ಆಚೆ ಕಣ್ಣು ಹಾಯಿಸಿದೆ. ಬೇವಿನ ಮರದ ಕೆಳಗೆ ಐದಾರು ಹೆಂಗಸರು ಇನ್ನೂ ಕುಳಿತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳ ಸೆರಗು ನನಗೆ ಗುರುತಿನದು. ಮಾತು ಕಡಿಮೆಯ ನನ್ನ ಶಿವಗಂಗವ್ವ! ಕೈ ತಿರುಗಿಸಿ, ಕಣ್ಣು ಅರಳಿಸಿ, ಏನೋ ಕಥೆಯನ್ನೇ ಹೇಳುತ್ತಿದ್ದಳು. ಎದುರಿಗೆ ನಮ್ಮ ಮನೆಯ ಡಬ್ಬಿ. ಆರಿದ್ದ ಹೊಟ್ಟೆ ಮತ್ತೆ ಭಗ್ಗೆಂದು ಹತ್ತಿಕೊಂಡಿತು.

ಮನೆಗೆ ಬಂದ ಕೂಡಲೇ ಕೇಳಿದೆ. ಚಪ್ಪರ ಹಾಕಿಸಿದೆ, ಕಟ್ಟೆ ಕಟ್ಟಿಸಿದೆ, ಕೈಯಾರೆ ಪಟ್ಟಾ ಹರಿದೆ, ಊರಿನ ಸೊಸೆಯರೆಲ್ಲ ನನ್ನ ಗಿರಣಿಗೆ ಬರುತ್ತಾರೆ, ನೀನೊಬ್ಬಳು ಅಲ್ಲಿಗೆ ಯಾಕೆ ಹೋಗುತ್ತೀ?

ಆಕೆ ಡಬ್ಬಿ ಕೆಳಗಿಟ್ಟು, ಹಿಟ್ಟು ಕೊಡವಿಕೊಂಡು, ಬಹಳ ಸಮಾಧಾನದಿಂದ ಹೇಳಿದಳು:

"ಎಲ್ಲಾರೂ ತಮ್ಮ ಗಂಡನ ಸುದ್ದಿ ಹೇಳಾಕ ನಿಮ್ಮ ಗಿರಣಿಗೆ ಬರತಾರ್ರಿ. ನಾ ನನ್ನ ಗಂಡನ ಸುದ್ದಿ ಅಲ್ಲೆ ಹೆಂಗ ಹೇಳಲಿ? ನೀವ ಕುಂತಿರತೀರಲ್ಲ."