ಸಾಹೇಬರ ಮುಳ್ಳುಗಿಡ ಮತ್ತು ನಮ್ಮ ಹಿತ್ತಲ ಗುಡ್ಡೆ

ಮೇಲಿನವರು ನಕ್ಕು ಮಾತಾಡಿಸಿದರೆ ಸಾಕು, ನನ್ನ ಬುದ್ಧಿ ರಜೆ ಹಾಕಿ ಹೋಗಿಬಿಡುತ್ತದೆ. ಸವದತ್ತಿಯ ಕಚೇರಿಯಲ್ಲಿ ನಾನು ಎರಡನೆಯ ಕಾರಕೂನ. ನಮ್ಮ ಸಾಹೇಬರು ದೀರ್ಘ ರಜೆಗೆ ಹೊರಟಾಗ ನನ್ನನ್ನು ಬಂಗಲೆಗೆ ಕರೆಸಿ, ಎಲೆಯೆಲ್ಲ ಮುಳ್ಳಾಗಿದ್ದ ಒಂದು ಗಿಡವನ್ನು ಕುಂಡದ ಸಮೇತ ಕೈಗಿಟ್ಟರು. ಹಿಮ ಬೀಳುವ ಬೆಟ್ಟದ್ದಂತೆ. ವರ್ಷವರ್ಷವೂ ಬುಡದಿಂದಲೇ ಚಿಗುರಿ ನೀಲಿ ಹೂ ಬಿಡುತ್ತದಂತೆ. ಇದರ ಜೊತೆಯವನ್ನೆಲ್ಲ ಬಂಗಲೆಯ ಮಾಲಿ ಪ್ರೀತಿಯಿಂದ ನೀರು ಹೊಯ್ದು ಕೊಳೆಸಿದ್ದ. ಕಲ್ಲು ಪೇರಿಸಿ ನೆಡಬೇಕು, ನೀರು ಮುಟ್ಟಿಸಬಾರದು, ತಾವು ಬಂದಾಗ ಗಿಡ ಬದುಕಿದ್ದರೆ ಅವ್ವಲ್, ಅಂದರೆ ಮೊದಲನೆಯ, ಕಾರಕೂನನ ಜಾಗಕ್ಕೆ ನನ್ನ ಹೆಸರು ಎಂದರು. ನೀರು ಬೇಡದ ಗಿಡಕ್ಕೆ ನಮ್ಮೂರಿಗಿಂತ ಒಳ್ಳೆಯ ಊರು ಎಲ್ಲಿದೆ ಎಂದು ಹಿಗ್ಗಿದೆ.

ಹೆಂಡತಿ ಗಂಗವ್ವ ತಮ್ಮನ ಮನೆಯ ಬಾಣಂತಿತನಕ್ಕೆ ನಸುಕಿನಲ್ಲೇ ಗಾಡಿ ಹತ್ತಿ ಮುನವಳ್ಳಿಗೆ ಹೋಗಿದ್ದಳು. ಅಡ್ಡ ಮಾತಾಡುವವರು ಯಾರೂ ಇಲ್ಲದ್ದರಿಂದ ಹಿತ್ತಲಲ್ಲಿ ಆಳುದ್ದದ ಮಣ್ಣಿನ ದಿಬ್ಬ ಮಾಡಿ, ಮೇಲೆ ಕಲ್ಲು ಹೊಂದಿಸಿ, ಗಿಡ ನೆಟ್ಟೆ. ಆಡು ಬಾಯಿ ಹಾಕದಿರಲೆಂದು ಸುತ್ತಲೂ ಜಾಲಿ ಮುಳ್ಳು ಹೊದಿಸಿದೆ. ನನ್ನ ಕೈಗೆ ಇಷ್ಟೊಂದು ಕಲೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಪಕ್ಕದ ಮನೆಯ ಬಸವ್ವ ಗೋಡೆಯಾಚೆಯಿಂದ ಇಣುಕಿ, "ಗಂಗವ್ವ ಕಾಣವೊಲ್ಲಳಲ್ರಿ?" ಎಂದಳು.

"ಮುನವಳ್ಳಿಗೆ ಹೋಗ್ಯಾಳ."

ಅವಳು ದಿಬ್ಬವನ್ನು ನೋಡಿದಳು, ನನ್ನನ್ನು ನೋಡಿದಳು. "ಈಗ ಎಲ್ಲಾರೂ ಹಂಗ ಹೇಳ್ತಾರ್ರಿ" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಅಂದಿನಿಂದ ಹಾಲಿನವಳು ಬರಲಿಲ್ಲ. ಕ್ಷೌರಿಕ ನನ್ನನ್ನು ಕಂಡು ಬೇರೆ ಓಣಿ ಹಿಡಿದ. ಎದುರು ಮನೆಯವರು ಗಾಡಿಗೆ ಹಾಸಿಗೆ ಹೇರಿ ಹೊಲದ ಗುಡಿಸಲಿಗೆ ಹೊರಟೇಬಿಟ್ಟರು. ನನಗೋ ಏನೊಂದೂ ಅರ್ಥವಾಗಲಿಲ್ಲ. ಬರಲಿರುವ ಬಡ್ತಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಕೊನೆಗೆ ಊರ ಗೌಡರೇ ಗುದ್ದಲಿ ಹಿಡಿದ ಆಳುಗಳೊಂದಿಗೆ ಹಿತ್ತಲಿಗೆ ಬಂದರು. ಎಲ್ಲರ ಮೂಗಿಗೂ ಬಟ್ಟೆ.

"ಸುತ್ತಲ ಊರಾಗ ಪ್ಲೇಗು ಎದ್ದೈತಿ. ಸರಕಾರದವರು ಮನಿ ಖಾಲಿ ಮಾಡಸ್ತಾರಂತ ಹೆದರಿ, ಪ್ಲೇಗಿನಾಗ ಸತ್ತವರನ್ನ ಮನ್ಯಾಗ ಮಣ್ಣು ಮಾಡಿ ಮುಚ್ಚಿಡೂದು ಛಲೋ ಅಲ್ರಿ, ಕಾರಕೂನರ. ಕಲಿತವರು ನೀವು."

"ಯಾರು ಸತ್ತಾರ್ರಿ?"

"ನಿಮ್ಮ ಮನಿಯಾಕಿ."

ದಿಬ್ಬದ ಕಡೆ ತಿರುಗಿ ನೋಡಿದೆ. ಆಳುದ್ದದ ಹೊಸ ಮಣ್ಣು, ಮೇಲೆ ಕಲ್ಲು, ನರಿ ನಾಯಿ ಕೆದರದಂತೆ ಹೊದಿಸಿದ ಮುಳ್ಳು. ನಮ್ಮ ಕಡೆ ಸಮಾಧಿ ಮಾಡುವುದೇ ಹೀಗೆ. ಇದೇ ಊರಲ್ಲಿ ಹುಟ್ಟಿ ಬೆಳೆದವನಿಗೆ ಅದು ಹೊಳೆಯಲಿಲ್ಲವೆಂದರೆ ಏನು ಹೇಳಲಿ? ನಾನು ಬಾಯಿ ತೆರೆಯುವಷ್ಟರಲ್ಲಿ ಆಳುಗಳು ಗುದ್ದಲಿ ಎತ್ತಿದ್ದರು. "ಬೇರು ಜ್ವಾಕಿರಿ, ಬೇರು ಕಡೀಬ್ಯಾಡ್ರಿ" ಎಂದು ಅಡ್ಡ ಬಿದ್ದೆ. ದುಃಖಕ್ಕೆ ತಲೆ ಕೆಟ್ಟಿದೆಯೆಂದು ಇಬ್ಬರು ನನ್ನನ್ನು ಮೆಲ್ಲಗೆ ಹಿಡಿದು ಕೂರಿಸಿದರು. ನೋಡುನೋಡುತ್ತಲೇ ಗಿಡ ಬೇರುಸಹಿತ ಎರಡು ತುಂಡಾಯಿತು.

ಅಷ್ಟರಲ್ಲಿ ಬಾಗಿಲ ಮುಂದೆ ಗಾಡಿ ನಿಂತು ಗಂಗವ್ವ ಗಂಟಿನೊಂದಿಗೆ ಹಿತ್ತಲಿಗೇ ಬಂದಳು. ಗೋಡೆಯಾಚೆಯಿಂದ ಇಣುಕುತ್ತಿದ್ದ ಬಸವ್ವ ದೆವ್ವವೆಂದು ಚೀರಿದಳು. ಗೌಡರು ನಾಚಿಕೊಂಡು ನಡೆದದ್ದನ್ನು ಹೇಳಿದರು. ಗಂಗವ್ವ ಕಲ್ಲುಗಳನ್ನೊಮ್ಮೆ ದಿಟ್ಟಿಸಿದಳು.

"ನಾ ಸತ್ತಿದ್ರ ಇವರು ಇಷ್ಟು ಚಂದ ಕಲ್ಲು ಹೊಂದಸ್ತಿದ್ರೇನ್ರಿ, ಗೌಡ್ರ? ಅರಿವಿ ಒಗಿಯೂ ಕಲ್ಲು ಅಳ್ಳಾಡಾಕ ಹತ್ತಿ ಎಷ್ಟು ವರ್ಷ ಆತು, ಕೇಳ್ರಿ."

ಹೆಂಡತಿ ಕಣ್ಣೆದುರೇ ಜೀವಂತ ನಿಂತಿದ್ದಳು. ಆದರೂ ಗೌಡರ ಸಂಶಯ ಪೂರಾ ಹರಿದದ್ದು ಈ ಮಾತಿನಿಂದಲೇ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಖರೇ ಬಿಡ್ರಿ" ಎಂದು ಆಳುಗಳನ್ನು ಕರೆದುಕೊಂಡು ಹೋದರು. ಪ್ಲೇಗಿನ ಆರೋಪಕ್ಕಿಂತ ಆ ಬಿಡುಗಡೆಯೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಸಾಹೇಬರು ರಜೆ ಮುಗಿಸಿ ಬಂದು, ಗಿಡವೆಲ್ಲಿ ಎಂದರು. ಪ್ಲೇಗಿನಲ್ಲಿ ಹೋಯಿತು ಎಂದೆ. ಇಡೀ ಓಣಿಯಲ್ಲಿ ಆ ವರ್ಷ ಪ್ಲೇಗಿಗೆ ಹೋದ ಜೀವ ಅದೊಂದೇ. ಅಷ್ಟು ನಿಜ ಹೇಳಿದವನು ಇಂದಿಗೂ ಎರಡನೆಯ ಕಾರಕೂನ.