ಬಚ್ಚಲ ಬಾಗಿಲಿಗೆ ಅಡ್ಡ ನಿಂತದ್ದು

ಹುಣಸೂರಿನ ನಮ್ಮ ಬೀದಿಯ ಒಳಚರಂಡಿ ಪೈಪು ಒಡೆದಿದೆ, ಆದರೆ ರಿಪೇರಿಗೆ ರಸ್ತೆ ಅಗೆಯುವುದಿಲ್ಲ ಎಂದು ನಗರಸಭೆಯ ಇಂಜಿನಿಯರು ಹೇಳಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನು. ಮಗನಿಗೆ ಹೆಣ್ಣು ನೋಡಿ ಬಂದಿದ್ದೆವು. ಭಾನುವಾರ ಕೆ.ಆರ್. ನಗರದಿಂದ ಹುಡುಗಿ ಕಡೆಯವರು ನಮ್ಮ ಮನೆ ನೋಡಲು ಬರುವವರಿದ್ದರು. ಬಾಗಿಲ ಮುಂದೆ ಗುಂಡಿ ತೋಡಿದ್ದರೆ ಏನು ಗತಿ?

ಅಂಟು ಹಚ್ಚಿದ ಬಟ್ಟೆಯ ಕೊಳವೆಯನ್ನು ಮ್ಯಾನ್‌ಹೋಲಿನಿಂದ ಹಳೇ ಪೈಪಿನೊಳಗೆ ತೂರಿಸಿ, ಬಿಸಿನೀರು ತುಂಬಿ ಗಟ್ಟಿ ಮಾಡುತ್ತಾರಂತೆ. ಪೈಪಿನೊಳಗೇ ಹೊಸ ಪೈಪು! ಷರತ್ತು ಒಂದೇ: ಭಾನುವಾರ ಮಧ್ಯಾಹ್ನ ಮೂರರವರೆಗೆ ಬೀದಿಯ ಯಾವ ಮನೆಯವರೂ ಬಚ್ಚಲಿಗೆ ಒಂದು ಚೊಂಬು ನೀರೂ ಬಿಡಬಾರದು. ಬೀಗರು ಬರುವುದು ಐದಕ್ಕೆ. ಸಮಸ್ತ ಬೀದಿಯ ಪರವಾಗಿ ಆ ಜವಾಬ್ದಾರಿಯನ್ನು ನಾನೇ ಹೊತ್ತೆ.

ಭಾನುವಾರ ಐದು ಗಂಟೆಗೆ ರಾಹುಕಾಲ ಎಂಬುದು ನನಗೆ ಹೊಳೆಯಲಿಲ್ಲ. ಕೆ.ಆರ್. ನಗರದವರಿಗೆ ಹೊಳೆಯಿತು. ಹನ್ನೊಂದಕ್ಕೇ ಕಾರು ಬಂದು ನಿಂತಿತು.

ಶುಭ ಮಾತಾಡುವ ಹೊತ್ತಿನಲ್ಲಿ ಚರಂಡಿಯ ಹೆಸರೆತ್ತುವುದೇ? ಬಾಯಿ ಬಿಡಬೇಡ ಎಂದು ಹೆಂಡತಿ ರತ್ನಳಿಗೆ ಕಣ್ಸನ್ನೆ ಮಾಡಿದೆ. ಅವಳು ಒಳಗೆ ಹೋಗಿ ಕಾಫಿ ತಂದಳು. ಆಮೇಲೆ ಮಜ್ಜಿಗೆ ತಂದಳು. ಹುಡುಗಿಯ ತಾತನಿಗೆ ಸಕ್ಕರೆ ಕಾಯಿಲೆ ಬೇರೆ. ಅವರು ಎರಡನೇ ಲೋಟ ಮಜ್ಜಿಗೆ ಎತ್ತಿದಾಗ ತಡೆಯಲಾರದೆ ಕೈಯಿಂದ ಕಿತ್ತುಕೊಂಡೆ.

"ಸಾಕು ಬುಡಿ, ಶೀತ ಆಯ್ತದೆ."

ಹುಡುಗಿಯ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತಿಗೆ, ನಾನು ಹೆದರಿದ್ದಂತೆಯೇ, ತಾತ ಎದ್ದರು.

"ಬಚ್ಚಲು ಎಲ್ಲೈತೆ?"

"ಮೊದ್ಲು ಮಹಡಿ ನೋಡಿ ಬನ್ನಿ, ಗಾಳಿ ಚೆನ್ನಾಗಿ ಬತ್ತದೆ."

"ಗಾಳಿ ಕಟ್ಕಂಡು ನಂಗೇನಾಗಬೇಕ್ರೀ ಈಗ?"

ಅವರು ನಡೆದೇಬಿಟ್ಟರು. ನಾನು ಓಡಿಹೋಗಿ ಬಚ್ಚಲ ಬಾಗಿಲಿಗೆ ಎರಡೂ ಕೈ ಚಾಚಿ ಅಡ್ಡ ನಿಂತೆ.

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಡುಗಿಯ ಅಪ್ಪನನ್ನು ಕೂಗಿದರು. "ಲೇ, ಇವ್ರ ಮನೇಲಿ ಬಚ್ಚಲೇ ಇಲ್ಲ ಕಣ್ಲಾ. ಇಂಥ ಮನೆಗಾ ಮಗೀನ ಕೊಡದು? ಏಳು, ಓಗಾನ."

ಮೂಲೆಯಲ್ಲಿ ನಿಂತಿದ್ದ ನನ್ನ ಮಗನ ಮುಖ ಬಿಳಿಚಿಕೊಂಡಿತು. ಅವನಿಗೆ ಆ ಹುಡುಗಿ ಬಹಳ ಇಷ್ಟವಾಗಿದ್ದಳು. ನಾನು ಮಾತ್ರ ಬಾಗಿಲಿಗೆ ಚಾಚಿದ ಕೈ ಇಳಿಸಲಿಲ್ಲ.

"ಅಯ್ಯೋ, ಬೀದಿ ಚರಂಡಿ ಪೈಪು ರಿಪೇರಿ ಕಣ್ರೀ," ಎಂದಳು ರತ್ನ, ಸೆರಗಿಗೆ ಕೈ ಒರೆಸುತ್ತಾ. "ಮೂರು ಗಂಟೆವರ್ಗೂ ನೀರು ಬುಡಂಗಿಲ್ಲ. ಪಕ್ಕದ ಬೀದೀಲಿ ನಮ್ಮಕ್ಕನ ಮನೆ ಐತೆ, ಬನ್ನಿ."

"ಅಷ್ಟೇಯಾ?" ತಾತ ನನ್ನ ಕಡೆ ತಿರುಗಿದರು. "ಅದ ಬಾಯ್ಬುಟ್ಟು ಏಳಕ್ಕೆ ಏನ್ರೀ ಧಾಡಿ ನಿಮ್ಗೆ?"

ಪೈಪು ಮೂರಕ್ಕೆ ಸರಿಯಾಗಿ ಗಟ್ಟಿಯಾಯಿತು. ರಸ್ತೆಯ ಮೇಲೆ ಒಂದು ಗೀರೂ ಬೀಳಲಿಲ್ಲ. ಅಲ್ಲಿಯವರೆಗೂ ಉಳಿದು, ನಮ್ಮ ಬಚ್ಚಲನ್ನು ಕಣ್ಣಾರೆ ಕಂಡು, ಉಪಯೋಗಿಸಿಯೂ ನೋಡಿದ ತಾತ ಹೊರಡುವಾಗ ರತ್ನಳಿಗೆ ಹೇಳಿದರು:

"ಮನೆ ಒಪ್ಕಂಡೋ ಕಣವ್ವ, ಉಡ್ಗನ್ನೂ ಒಪ್ಕಂಡೋ. ಇನ್ನು ಮದ್ವೆ ಮಾತೆಲ್ಲ ನೀವೇ ಆಡಿ. ಇವ್ರನ್ನ ಛತ್ರದಲ್ಲಿ ಒಂದು ಕುರ್ಚಿ ಮೇಲೆ ಕೂರ್ಸಿ, ಏಳಕ್ ಬುಡ್ಬ್ಯಾಡಿ."

ಮದುವೆ ಗೊತ್ತಾಗಿದೆ. ನನ್ನ ಕುರ್ಚಿ ಎಲ್ಲಿ ಹಾಕಬೇಕೆಂದು ಮಗ ಮೊನ್ನೆಯೇ ಛತ್ರಕ್ಕೆ ಹೋಗಿ ನೋಡಿಕೊಂಡು ಬಂದ.